ಎಲ್ಲೆ ದಾಟುವ ಮುನ್ನ

ಶ್ರಾವಕನ ದ್ವಾದಶ ವ್ರತಗಳಲ್ಲಿ ಪಂಚಾಣುವ್ರತಗಳ ಅನಂತರ ಬರುವ ಮೊದಲನೆಯ ಗುಣವ್ರತವೇ ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಂತಹ ನದಿ, ಇಂತಹ ಪರ್ವತ, ಇಂತಹ ಸಮುದ್ರವೇ ತನ್ನ ಎಲ್ಲೆಯೆಂದು ಗೊತ್ತುಮಾಡಿಕೊಂಡು, ಜೀವಮಾನಪರ್ಯಂತ ಅದರಾಚೆಗೆ ಕಾಲಿಡೆನೆಂದು ಗೃಹಸ್ಥನು ಕೈಗೊಳ್ಳುವ ನಿಯಮವಿದು. ಎಲ್ಲೆಯ ಹೊರಗೆ ಅವನಿಂದ ಯಾವ ಆರಂಭವೂ ನಡೆಯದಿರುವುದರಿಂದ, ಅಷ್ಟು ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತಗಳೇ ಮಹಾವ್ರತಗಳಿಗೆ ಸಮನಾಗುತ್ತವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ವ್ಯಾಪಾರವೇ ಜೀವನೋಪಾಯವಾಗಿದ್ದ ಸಮಾಜಕ್ಕೆ ಈ ವ್ರತವನ್ನು ವಿಧಿಸಿದ ಹಿರಿಯರ ಉದ್ದೇಶ ಸ್ಪಷ್ಟವಾಗಿದೆ. ಲಾಭವೆಷ್ಟೇ ಇರಲಿ, ಎಲ್ಲೆಯಾಚೆಯ ಪೇಟೆ ತನ್ನದಲ್ಲವೆಂದು ಬಿಡಬಲ್ಲವನು ಲೋಭವನ್ನು ಅರ್ಧ ಗೆದ್ದಂತೆಯೇ ಸರಿ.

ಈ ವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ. ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಎಲ್ಲೆ ಮೀರುವುದು ಮೂರು, ಕ್ಷೇತ್ರವೃದ್ಧಿ ನಾಲ್ಕನೆಯದು, ಗೊತ್ತುಮಾಡಿಕೊಂಡ ಎಲ್ಲೆಯನ್ನೇ ಮರೆಯುವುದು ಐದನೆಯದು. ಇವುಗಳಲ್ಲಿ ಕ್ಷೇತ್ರವೃದ್ಧಿಯು ಸೂಕ್ಷ್ಮವಾದುದು. ಪೂರ್ವದಲ್ಲಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಆ ಪ್ರಮಾಣವನ್ನು ಪಶ್ಚಿಮಕ್ಕೆ ಸೇರಿಸಿಕೊಂಡರೆ ತಪ್ಪೇನು ಎಂದು ಮನಸ್ಸು ವಾದ ಹೂಡುತ್ತದೆ. ಲೆಕ್ಕದಲ್ಲಿ ಮೊತ್ತ ಒಂದೇ ಆಗಿರಬಹುದು. ಆದರೆ ವ್ರತದಲ್ಲಿ ಆಗುವುದು ಭಂಗವೇ.

ಹೀಗಿರುವಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲೆ ದಾಟುವ ಕಾರಣ ವ್ಯಾಪಾರವಲ್ಲದೆ ವಿದ್ಯಾದಾನವಾದರೆ? ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳಲ್ಲಿ ಒಂದನ್ನು ನೀಡಲು ಸಮುದ್ರ ದಾಟುವವನಿಗೂ ಅದೇ ನಿಯಮವೇ? ಗ್ರಂಥಚರ್ಚೆಯಲ್ಲಿ ಕೇಳಿ ಮರೆಯಬಹುದಾದ ಈ ಪ್ರಶ್ನೆ ಕೊಪ್ಪಳ ಜಿಲ್ಲೆಯ ತಳಕಲ್ ಗ್ರಾಮದ ಒಂದು ಮನೆಯಲ್ಲಿ ಉತ್ತರ ಬೇಡುತ್ತ ನಿಂತಿತು.

ಗದಗ ಮತ್ತು ಕೊಪ್ಪಳಗಳ ನಡುವಣ ಈ ಊರಿನಿಂದ ಕುಷ್ಟಗಿಯವರೆಗೆ 2025ರ ಮೇ ತಿಂಗಳಲ್ಲಿ ಹೊಸ ಮಾರ್ಗದ ರೈಲು ಸಂಚಾರ ಆರಂಭವಾಗಿ ತಳಕಲ್ ನಿಲ್ದಾಣ ಜಂಕ್ಷನ್ ಎನಿಸಿತು. ಇಲ್ಲಿನ ಒಂದು ಜೈನ ಕುಟುಂಬದ ಹಿರಿಯರು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿ ನಿವೃತ್ತರಾದವರು, ವಯಸ್ಸು ಅರವತ್ತಮೂರು. ಕೀನ್ಯಾ ದೇಶದ ಒಳನಾಡಿನ ಶಾಲೆಯೊಂದರಲ್ಲಿ ಕೆಳಗಿನ ತರಗತಿಗಳಿಗೆ ಗಣಿತ ಹೇಳಿಕೊಡಲು, ಸಂಬಳವಿಲ್ಲದೆ ಕೆಲವು ತಿಂಗಳು ಬರುವಿರಾ ಎಂದು ಪರಿಚಿತ ವ್ಯಾಪಾರಿಯೊಬ್ಬರ ಮೂಲಕ ಅವರಿಗೆ ಕರೆ ಬಂದಿತು. ಅವರ ಮನಸ್ಸು ಅರಳಿತು. ಆದರೆ ಹತ್ತು ವರ್ಷಗಳ ಹಿಂದೆ ಮುನಿಗಳ ಸಮಕ್ಷಮದಲ್ಲಿ ಅವರು ದಿಗ್ವ್ರತ ಸ್ವೀಕರಿಸಿದ್ದರು. ಪಶ್ಚಿಮಕ್ಕೆ ಅವರ ಎಲ್ಲೆ ಅರಬ್ಬೀ ಸಮುದ್ರದ ದಂಡೆ.

ಬಂಧುಗಳಲ್ಲಿ ಕೆಲವರು, ಇದು ಧರ್ಮಕಾರ್ಯವಾದುದರಿಂದ ದೋಷವಿಲ್ಲವೆಂದರು. ಉತ್ತರದಲ್ಲಿ ಹಿಮಾಲಯದವರೆಗಿನ ಎಲ್ಲೆಯನ್ನು ನರ್ಮದೆಗೆ ಇಳಿಸಿಕೊಂಡು ಪಶ್ಚಿಮದ ಎಲ್ಲೆಯನ್ನು ಹೆಚ್ಚಿಸಿಕೊಳ್ಳಿರೆಂದು ಒಬ್ಬರು ಸೂಚಿಸಿದರು. ಇದು ಕ್ಷೇತ್ರವೃದ್ಧಿಯ ಪಾಠವೇ ಆಗಿತ್ತು. ಗುರುಗಳು ಎರಡನ್ನೂ ಒಪ್ಪಲಿಲ್ಲ. ಒಳ್ಳೆಯ ಕಾರಣ ಸಿಕ್ಕಿದಾಗಲೆಲ್ಲ ಸಡಿಲವಾಗುವ ನಿಯಮವು ಕೆಟ್ಟ ಕಾರಣವು ಒಳ್ಳೆಯದರ ವೇಷ ತೊಟ್ಟು ಬಂದಾಗಲೂ ಸಡಿಲವಾಗುತ್ತದೆಂದು ತಿಳಿಸಿದರು. ಹಿರಿಯರು ತಲೆಬಾಗಿದರು. ಕರೆ ಅವರ ತಮ್ಮನ ಮಗಳ ಪಾಲಿಗೆ ಬಂದಿತು.

ಆಕೆ ಬಿ.ಎಡ್. ಮುಗಿಸಿ ಗದಗಿನ ಖಾಸಗಿ ಶಾಲೆಯಲ್ಲಿ ಗಣಿತ ಹೇಳುವ ಇಪ್ಪತ್ತಾರರ ತರುಣಿ, ದಿಗ್ವ್ರತ ತೆಗೆದುಕೊಂಡವಳಲ್ಲ. ಆದರೂ ಹಿರಿಯರ ಮನಸ್ಸಿನಲ್ಲಿ ಮತ್ತೊಂದು ಶಂಕೆ ಉಳಿಯಿತು. ಕೆಲಕಾಲದ ಮಟ್ಟಿಗೆ ಎಲ್ಲೆಯನ್ನು ಇನ್ನಷ್ಟು ಕಿರಿದಾಗಿಸಿಕೊಳ್ಳುವ ದೇಶವ್ರತಕ್ಕೆ ಪ್ರೇಷ್ಯಪ್ರಯೋಗವೆಂಬ ಅತಿಚಾರವಿದೆ: ತಾನು ಹೋಗದೆ ತನ್ನ ಕೆಲಸಕ್ಕೆ ಬೇರೊಬ್ಬನನ್ನು ಎಲ್ಲೆಯಾಚೆಗೆ ಅಟ್ಟುವುದು. ತಮ್ಮ ಬಯಕೆಯನ್ನು ಪೂರೈಸಿಕೊಳ್ಳಲು ಮಗಳನ್ನು ಅಟ್ಟಿದಂತಾಗುವುದೇ? ದಿಗ್ವ್ರತಕ್ಕೆ ಈ ಅತಿಚಾರ ನೇರವಾಗಿ ಅನ್ವಯಿಸದಿದ್ದರೂ ಅವರು ಅದನ್ನು ತಳ್ಳಿಹಾಕಲಿಲ್ಲ. ಪ್ರೇಷ್ಯನೆಂದರೆ ಒಡೆಯನ ಸ್ವಾರ್ಥಕ್ಕಾಗಿ ಕಳಿಸಲ್ಪಟ್ಟವನು. ತನ್ನ ಇಚ್ಛೆಯಿಂದ, ಪರಹಿತಕ್ಕಾಗಿ, ತಾನೇ ನಿರ್ಧರಿಸಿ ಹೋಗುವವಳು ಪ್ರೇಷ್ಯಳಲ್ಲ. ಆದಕಾರಣ ಒಂದು ತಿಂಗಳ ಕಾಲ ಅವರು ಆಕೆಯೊಡನೆ ಈ ವಿಷಯವನ್ನೇ ಎತ್ತಲಿಲ್ಲ. ತಿಂಗಳು ಕಳೆದ ಮೇಲೆ ಆಕೆಯೇ ಬಂದು ಹೋಗುವೆನೆಂದಳು.

ತಾನು ಹೋಗಲಾರದೆ ಇನ್ನೊಬ್ಬರನ್ನು ಸಿದ್ಧಪಡಿಸಿದವರಿಗೆ ಜೈನ ಇತಿಹಾಸದಲ್ಲಿ ಉಜ್ವಲ ನಿದರ್ಶನವಿದೆ. 1893ರಲ್ಲಿ ಚಿಕಾಗೋ ನಗರದ ಸರ್ವಧರ್ಮ ಸಮ್ಮೇಳನಕ್ಕೆ ಶ್ವೇತಾಂಬರ ಮೂರ್ತಿಪೂಜಕ ಪರಂಪರೆಯ ಆಚಾರ್ಯ ವಿಜಯಾನಂದಸೂರಿಗಳಿಗೆ, ಅರ್ಥಾತ್ ಆತ್ಮಾರಾಮಜಿಯವರಿಗೆ, ಆಮಂತ್ರಣ ಬಂದಿತು. ಹಡಗಿನ ಪ್ರಯಾಣ ಮುನಿಧರ್ಮಕ್ಕೆ ಸಲ್ಲದು. ಅವರು ಆಚಾರವನ್ನು ಸಡಿಲಿಸಲಿಲ್ಲ, ಆಮಂತ್ರಣವನ್ನು ಕೈಬಿಡಲೂ ಇಲ್ಲ. ಇಪ್ಪತ್ತೊಂಬತ್ತರ ಗೃಹಸ್ಥ ವೀರಚಂದ ರಾಘವಜೀ ಗಾಂಧಿಯವರನ್ನು ತಮ್ಮ ಬಳಿ ಇರಿಸಿಕೊಂಡು ತತ್ತ್ವಗಳನ್ನು ಬೋಧಿಸಿ ಕಳಿಸಿದರು. ಸೌರಾಷ್ಟ್ರದ ಮಹುವಾದಲ್ಲಿ 1864ರಲ್ಲಿ ಜನಿಸಿದ ವೀರಚಂದರು ಮುಂಬಯಿಯಲ್ಲಿ ಪದವಿ ಪಡೆದು, ಭಾರತ ಜೈನ ಸಂಘದ ಕಾರ್ಯದರ್ಶಿಗಳಾಗಿದ್ದವರು. ಅವರ ಸಿದ್ಧತೆ ಆಮಂತ್ರಣ ಬಂದ ದಿನ ಆರಂಭವಾದುದಲ್ಲ. ಸಮ್ಮೇದಶಿಖರದ ಪಾವಿತ್ರ್ಯಕ್ಕೆ ಸಂಬಂಧಿಸಿದ ವ್ಯಾಜ್ಯದಲ್ಲಿ ಹಳೆಯ ದಾಖಲೆಗಳನ್ನು ಸ್ವತಃ ಓದಬೇಕೆಂದು ಕಲಕತ್ತೆಯಲ್ಲಿ ನೆಲೆಸಿ ಬಂಗಾಳಿ ಕಲಿತವರು ಅವರು. ಪರರ ಮಾತಿನಲ್ಲಿ ಬರೆದುದನ್ನು ಅವರ ಮಾತಿನಲ್ಲಿಯೇ ಅರಿಯಬೇಕೆಂಬ ಈ ಅಭ್ಯಾಸವೇ ಅವರ ನಿಜವಾದ ಬುತ್ತಿ. ಚಿಕಾಗೋದಲ್ಲಿ ಜಿನಧರ್ಮವನ್ನು ವಿವರಿಸಿದುದಲ್ಲದೆ ಭಾರತದ ಇತರ ಮತಗಳ ಮೇಲೆ ಬಂದ ಆಕ್ಷೇಪಗಳಿಗೂ ಅವರು ಉತ್ತರವಿತ್ತರು. ಮರಳಿ ಬಂದಾಗ ಸಮುದ್ರಯಾನ ಮಾಡಿದರೆಂದು ಸಂಪ್ರದಾಯಸ್ಥರ ವಿರೋಧ ಎದುರಾಯಿತು. 1901ರಲ್ಲಿ, ನಲವತ್ತು ತುಂಬುವ ಮೊದಲೇ ಅವರು ತೀರಿಕೊಂಡರು.

ಕನ್ನಡನಾಡಿನಲ್ಲಿಯೇ ಇನ್ನೊಂದು ನಿದರ್ಶನವಿದೆ. ಮೂಡಬಿದಿರೆಯ ಸಮೀಪದ ನೆಲ್ಲಿಕಾರಿನ ದಿಗಂಬರ ಕುಟುಂಬದಲ್ಲಿ 1923ರಲ್ಲಿ ಜನಿಸಿದ ಪದ್ಮನಾಭ ಎಸ್. ಜೈನಿಯವರು ಬಾಲ್ಯದಲ್ಲಿಯೇ ವಿದರ್ಭದ ಕಾರಂಜಾ ಗುರುಕುಲವನ್ನು ಸೇರಿದರು. ಮುಂದೆ ಲಂಡನ್ನಿನಲ್ಲಿ, ಆನ್ ಆರ್ಬರಿನಲ್ಲಿ, 1972ರಿಂದ ಬರ್ಕಲಿಯಲ್ಲಿ ಅಧ್ಯಾಪಕರಾಗಿ ವಿಶ್ವಮಾನ್ಯರಾದರು. ಅವರದು ವೇತನದ ಹುದ್ದೆ ನಿಜ. ಆದರೆ ಅದಕ್ಕೆ ಮೊದಲಿನ ಸಿದ್ಧತೆಯನ್ನು ಗಮನಿಸಬೇಕು. ವಿದೇಶದಲ್ಲಿ ಬೋಧಿಸುವ ಮೊದಲು ಅವರು 1949ರಲ್ಲಿ ಸಿಂಹಳಕ್ಕೆ ತೆರಳಿ ಕೊಲಂಬೋದಲ್ಲಿ ಬೌದ್ಧ ಭಿಕ್ಷುಗಳ ಬಳಿ ಪಾಲಿ ಮತ್ತು ತ್ರಿಪಿಟಕಗಳನ್ನು ವಿದ್ಯಾರ್ಥಿಯಾಗಿ ಅಭ್ಯಸಿಸಿದರು. ಪರಧರ್ಮದ ಗುರುಗಳ ಮುಂದೆ ನೆಲದ ಮೇಲೆ ಕುಳಿತು ಕಲಿಯಬಲ್ಲ ಜೈನನೇ ಪರದೇಶದ ಪೀಠದಲ್ಲಿ ಕುಳಿತು ಕಲಿಸಲು ಅರ್ಹನೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅನೇಕಾಂತವು ವಾದ ಗೆಲ್ಲುವ ಆಯುಧವಲ್ಲ. ಕಲಿಯುವವನಿಗೆ ಬೇಕಾದ ವಿನಯ ಅದು.

ತಳಕಲ್ಲಿನ ಮನೆಯಲ್ಲಿ ನಡೆದ ಸಿದ್ಧತೆಯೂ ಇದೇ ದಾರಿಯಲ್ಲಿ ಸಾಗಿತು. ಮೊದಲ ಪ್ರಶ್ನೆಯನ್ನು ಕೇಳಿದವರು ಆಕೆಯ ತಾಯಿ: “ಕಲಸಾಕ ಇಲ್ಲಿ ಹುಡುಗ್ರು ಇಲ್ಲೇನು?” ಈ ಮಾತಿಗೆ ಮನೆಯಲ್ಲಿ ಯಾರೂ ಕೂಡಲೇ ಉತ್ತರ ಕೊಡಲಾಗಲಿಲ್ಲ. ನಾಲ್ಕು ವರ್ಷಗಳಿಂದ ಪ್ರತಿ ಭಾನುವಾರ ಊರಿನ ಎಲ್ಲ ಜಾತಿಯ ಮಕ್ಕಳಿಗೆ ಆಕೆ ಗಣಿತ ಹೇಳುತ್ತಿದ್ದಳು. ದೂರದ ಮಕ್ಕಳಿಗಾಗಿ ಹತ್ತಿರದ ಮಕ್ಕಳ ತರಗತಿ ನಿಂತರೆ, ಒಂದು ಗಿರಾಕಿಯ ತಕ್ಕಡಿಯಿಂದ ತೆಗೆದು ಇನ್ನೊಬ್ಬನ ತಕ್ಕಡಿಗೆ ಹಾಕಿದಂತೆ. ಹಿರಿಯರು ಆಲೋಚಿಸಿ ಆ ತರಗತಿಯನ್ನು ತಾವು ವಹಿಸಿಕೊಂಡರು. ಆಕೆ ಹೊರಡುವುದಕ್ಕೆ ಆರು ತಿಂಗಳು ಮೊದಲೇ ಭಾನುವಾರಗಳಂದು ಆಕೆಯ ಪಕ್ಕದಲ್ಲಿ ಕುಳಿತು ಮಕ್ಕಳ ಹೆಸರು, ಯಾರಿಗೆ ಭಿನ್ನರಾಶಿ ತೊಡಕು, ಯಾರು ಮನೆಕೆಲಸದಿಂದ ತಡವಾಗಿ ಬರುವರು ಎಂಬುದನ್ನೆಲ್ಲ ಅರಿತುಕೊಂಡರು. ಎಲ್ಲೆಯೊಳಗೆ ಉಳಿಯುವವನಿಗೂ ಎಲ್ಲೆಯೊಳಗೆ ಕೆಲಸವಿದೆ.

ಎರಡನೆಯ ಪ್ರಶ್ನೆ ವರ್ತಕ ಮನೆತನಕ್ಕೆ ಸಹಜವಾದ ಜಮಾಖರ್ಚಿನದು. ವಿಮಾನದ ದರದ ಹಣವನ್ನೇ ಕಳಿಸಿದರೆ ಅಲ್ಲಿಯೇ ಒಬ್ಬ ಸ್ಥಳೀಯ ಶಿಕ್ಷಕರಿಗೆ ಕೆಲವು ತಿಂಗಳ ಸಂಬಳವಾಗದೇ? ಹೋಗುವವರ ಸಂತೋಷವನ್ನು ದಾನದ ಖಾತೆಗೆ ಬರೆಯುವುದು ಸುಳ್ಳು ಲೆಕ್ಕ. ಆದುದರಿಂದ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ವ್ಯಕ್ತಿ ಬೇಕೋ ಹಣ ಬೇಕೋ ಎಂದು ನೇರವಾಗಿ ಕೇಳಲಾಯಿತು. ಪಾಠ ಮಾಡುವವರು ತಮ್ಮಲ್ಲಿ ಇದ್ದಾರೆಂದೂ, ಹೊಸದಾಗಿ ಸೇರಿದ ಇಬ್ಬರು ಶಿಕ್ಷಕಿಯರ ಜೊತೆಗಿದ್ದು ಕೈಯಿಂದ ಮಾಡಿ ಕಲಿಯುವ ಗಣಿತದ ರೀತಿಯನ್ನು ತೋರಿಸುವವರು ಬೇಕೆಂದೂ ಉತ್ತರ ಬಂದಿತು. ಈ ಉತ್ತರ ಸಿದ್ಧತೆಯ ದಿಕ್ಕನ್ನೇ ಬದಲಿಸಿತು. ಆಕೆ ಬರಿಯ ತರಗತಿ ನಡೆಸುವುದಲ್ಲ. ತಾನು ಮರಳಿದ ಮೇಲೆ ಅಲ್ಲಿ ತನ್ನ ಅಗತ್ಯ ಉಳಿಯದಂತೆ ಮಾಡಿ ಬರಬೇಕು. ಅವಧಿ ಮೂರೇ ತಿಂಗಳೆಂದು ನಿಶ್ಚಯವಾಯಿತು. ಕಾಲಕ್ಕೂ ಒಂದು ಎಲ್ಲೆ ಬೇಕಷ್ಟೆ.

ಮೂರನೆಯದು ರಾಜನಿಯಮ. ಪ್ರವಾಸಿಯ ಅನುಮತಿಯಲ್ಲಿ ಹೋಗಿ ಪಾಠ ಹೇಳಿ ಬರಬಹುದೆಂದೂ, ಸಂಬಳವಿಲ್ಲದ ಕೆಲಸವನ್ನು ಯಾರೂ ವಿಚಾರಿಸುವುದಿಲ್ಲವೆಂದೂ ಒಬ್ಬರು ಸಲಹೆಯಿತ್ತರು. ಕೀನ್ಯಾದಲ್ಲಿ ವೇತನವಿಲ್ಲದ ಸೇವೆಗೂ ಪ್ರತ್ಯೇಕ ಅನುಮತಿ ಪಡೆಯಬೇಕು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನು ಎಣಿಸಿರುವುದು ಸುಂಕ ತಪ್ಪಿಸುವ ವರ್ತಕನಿಗೆ ಮಾತ್ರವಲ್ಲ, ಒಳ್ಳೆಯ ಕೆಲಸದ ನೆಪದಲ್ಲಿ ಕಾಗದ ತಪ್ಪಿಸುವವನಿಗೂ ಅನ್ವಯಿಸುತ್ತದೆ. ಅನುಮತಿಗಾಗಿ ಕಾಯುವುದರಲ್ಲಿ ಒಂದು ಶಾಲಾ ಅವಧಿ ಕೈತಪ್ಪಿತು. ಜನವರಿಯಲ್ಲಿ ಆರಂಭವಾಗುವ ಅಲ್ಲಿನ ಹೊಸ ಶಾಲಾವರ್ಷಕ್ಕೆ ಪ್ರಯಾಣ ಮುಂದಕ್ಕೆ ಹೋಯಿತು.

ನಾಲ್ಕನೆಯದೇ ಎಲ್ಲಕ್ಕಿಂತ ಕಠಿಣವಾಯಿತು. ಕೀನ್ಯಾದಿಂದ ಭಾರತಕ್ಕೆ ಮರಳುವವರು ಹಳದಿಜ್ವರದ ಲಸಿಕೆ ಪಡೆದ ಪ್ರಮಾಣಪತ್ರ ತೋರಿಸಬೇಕು. ಇಲ್ಲವಾದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಪ್ರಮಾಣಪತ್ರವು ಲಸಿಕೆಯ ಹತ್ತು ದಿನಗಳ ಅನಂತರ ಸಿಂಧುವಾಗುತ್ತದೆ. ಈ ಲಸಿಕೆಯನ್ನು ಬೆಳೆಸುವುದು ಕೋಳಿಯ ಮೊಟ್ಟೆಯೊಳಗಿನ ಭ್ರೂಣದಲ್ಲಿ. ಮೊಟ್ಟೆಯನ್ನು ಎಂದೂ ಮುಟ್ಟದ ಮನೆಯಲ್ಲಿ ಈ ಸಂಗತಿ ತಿಳಿದ ದಿನ ಮಾತೇ ನಿಂತಿತು. ಹಿರಿಯರು ಶಾಸ್ತ್ರದ ವಿಭಾಗವನ್ನು ಮುಂದಿಟ್ಟರು. ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸರ್ವಥಾ ತ್ಯಜಿಸಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಲಸಿಕೆ ಪಡೆಯುವುದರಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ತನ್ನನ್ನೂ ಹಿಂದಿರುಗಿದಾಗ ಊರಿನವರನ್ನೂ ರೋಗದಿಂದ ಕಾಯುವ ಉದ್ದೇಶವಿದೆ. ಆದುದರಿಂದ ಪಡೆಯಬಹುದೆಂದು ಅವರು ಹೇಳಿದರು.

ಆಗ ಆಕೆ ಆಡಿದ ಮಾತು ಬರೆದಿಡತಕ್ಕದ್ದು: “ದೊಡ್ಡಪ್ಪ, ತಗೋಬಹುದು ಅನ್ರಿ, ಒಪ್ಪೀನಿ. ಆದರ ಅದರಾಗ ಹಿಂಸೆ ಇಲ್ಲ ಅಂತ ಮಾತ್ರ ಅನಬ್ಯಾಡ್ರಿ.” ಖರ್ಚನ್ನು ಬರೆಯದೆ ಲಾಭವನ್ನು ಮಾತ್ರ ತೋರಿಸುವ ಪುಸ್ತಕ ವರ್ತಕನ ಪುಸ್ತಕವಲ್ಲ. ಆಕೆ ಬೆಂಗಳೂರಿಗೆ ಹೋಗಿ ಲಸಿಕೆ ಪಡೆದಳು; ಅಂದಿನಿಂದ ತನ್ನ ನಿತ್ಯದ ಪ್ರತಿಕ್ರಮಣದಲ್ಲಿ ಅದನ್ನೂ ಹೆಸರಿಸಿ ಆಲೋಚನೆ ಮಾಡುತ್ತಾಳೆ. ಆವಶ್ಯಕವಾದ ದೋಷವನ್ನು ಸ್ವೀಕರಿಸುವುದು ಬೇರೆ, ದೋಷವೇ ಅಲ್ಲವೆಂದು ಸಾಧಿಸುವುದು ಬೇರೆ. ಮೊದಲನೆಯದರಲ್ಲಿ ಕರುಣೆ ಉಳಿಯುತ್ತದೆ. ಎರಡನೆಯದರಲ್ಲಿ ಅದು ಕ್ರಮೇಣ ಒಣಗುತ್ತದೆ.

ಆಹಾರದ ಚಿಂತೆ ಅಷ್ಟು ತೊಡಕಾಗಲಿಲ್ಲ. ರಾತ್ರಿಭೋಜನ ತ್ಯಾಗ ಮಾಡಿದವರಿಗೆ ಉತ್ತರದ ದೇಶಗಳಲ್ಲಿ ಚಳಿಗಾಲದ ಹಗಲು ಬಹಳ ಮೊಟಕು, ಬೇಸಗೆಯದು ಬಹಳ ದೀರ್ಘ. ಕೀನ್ಯಾ ದೇಶವು ಭೂಮಧ್ಯರೇಖೆಯ ಮೇಲಿರುವುದರಿಂದ ಅಲ್ಲಿ ವರ್ಷವಿಡೀ ಹಗಲು ಇರುಳು ಹೆಚ್ಚುಕಡಿಮೆ ಸಮಸಮ. ಅಲ್ಲಿನ ಸ್ವಾಹಿಲಿ ಭಾಷೆಯವರು ಗಂಟೆಯನ್ನು ಸೂರ್ಯೋದಯದಿಂದಲೇ ಎಣಿಸುತ್ತಾರೆ. ಗಡಿಯಾರದ ಬೆಳಗಿನ ಏಳು ಅವರ ಮಾತಿನಲ್ಲಿ ಒಂದು ಗಂಟೆ. ಸೂರ್ಯನನ್ನು ನೋಡಿ ಊಟದ ಹೊತ್ತನ್ನು ನಿಶ್ಚಯಿಸುವ ಶ್ರಾವಕರ ಮನೆಯ ಮಗಳಿಗೆ ಈ ಎಣಿಕೆ ಪರಕೀಯವೆನಿಸಲಿಲ್ಲ. ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಸೊಪ್ಪಿನ ಪಲ್ಯ, ಹುರುಳಿಕಾಯಿಯ ಬೀಜ ಅಲ್ಲಿನ ಸಾಮಾನ್ಯರ ಊಟ. ಜೋಳದ ನುಚ್ಚು, ಸಂಗಟಿ ಉಂಡು ಬೆಳೆದವರಿಗೆ ಅದು ಸಾಕು. ಸೊಳ್ಳೆಗಳಿಗಾಗಿ ಪರದೆ ಒಯ್ಯುವುದೆಂದಾಯಿತು. ಕೀಟನಾಶಕ ಲೇಪಿಸದ ಪರದೆಯು ಮಲಗುವವರನ್ನೂ ಕಾಯುತ್ತದೆ, ಸೊಳ್ಳೆಯನ್ನೂ ಕೊಲ್ಲುವುದಿಲ್ಲ.

ಸಾಮಾನಿನ ವಿಷಯದಲ್ಲಿ ಪರಿಗ್ರಹಪರಿಮಾಣವೇ ಮಾರ್ಗದರ್ಶಿ. ಎಣಿಕೆ ಕಲಿಸಲು ಹಿರಿಯರು ಒಂದು ಚೀಲ ಹುಣಸೆಬೀಜ ಆರಿಸಿಟ್ಟಿದ್ದರು. ಬೀಜಗಳನ್ನು ತಪಾಸಣೆಯ ಪತ್ರವಿಲ್ಲದೆ ದೇಶಾಂತರಕ್ಕೆ ಒಯ್ಯಬಾರದು. ಪ್ಲಾಸ್ಟಿಕ್ ಕೈಚೀಲಗಳನ್ನು ಕೀನ್ಯಾ 2017ರಲ್ಲಿಯೇ ನಿಷೇಧಿಸಿದೆ. ಚೀಲವೂ ಬೀಜವೂ ಮನೆಯಲ್ಲಿಯೇ ಉಳಿದವು. ಅಲ್ಲಿನ ಮಕ್ಕಳಿಗೆ ಅಲ್ಲಿನ ಹೊಲದ ಕಾಳುಗಳೇ ಲೇಸು. ಶಿಕ್ಷಕಿ ಮರಳಿದ ಮೇಲೂ ಅವು ಅಲ್ಲಿಯೇ ಇರುತ್ತವೆ. ತೂಕವಿಲ್ಲದ ಒಂದು ಕಾಣಿಕೆಯನ್ನು ಹಿರಿಯರು ಕೊಟ್ಟರು. ಒಂಬತ್ತನೆಯ ಶತಮಾನದಲ್ಲಿ ನೃಪತುಂಗ ಅಮೋಘವರ್ಷನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಎಡದಿಂದಲೂ ಬಲದಿಂದಲೂ ಒಂದೇ ಆಗಿ ಓದಬಹುದಾದ ಗುಣಲಬ್ಧಗಳನ್ನು ಹಾರಗಳೆಂದು ವರ್ಣಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. ಈ ಹಾರವನ್ನು ತೊಡಲು ಯಾವ ಭಾಷೆಯೂ ಅಡ್ಡಬರುವುದಿಲ್ಲ.

ಕಡೆಯದು ವಾಕ್ಸಂಯಮ. ಆಕೆ ಹೋಗುವುದು ಗಣಿತ ಹೇಳಲು. ಮತ ಬದಲಿಸಲು ಅಲ್ಲ, ಮಾಂಸ ತಿನ್ನುವ ಮಕ್ಕಳನ್ನು ನಾಚಿಸಲೂ ಅಲ್ಲ. ಏಕೆ ತಿನ್ನುವುದಿಲ್ಲವೆಂದು ಯಾರಾದರೂ ಕೇಳಿದರೆ ತನ್ನ ನಿಯಮವನ್ನು ತಿಳಿಸಬಹುದು. ಕೇಳದಿದ್ದರೆ ತಾಟಿನಲ್ಲಿ ಇರುವುದನ್ನು ಉಂಡು ಏಳಬೇಕು. ಈ ಪಾಠವನ್ನು ಕಲಿಯಲು ಕೊಪ್ಪಳದ ಸೀಮೆಯವರು ದೂರ ಹೋಗಬೇಕಾಗಿಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನಲ್ಲಿ ಎಣಿಸಿದ ಕೊಪಣ ನಗರವೇ ಇಂದಿನ ಕೊಪ್ಪಳ. ಜೈನರಿಗೆ ಅದು ಮಹಾತೀರ್ಥ. ಅಲ್ಲಿನ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಕಿರುಶಾಸನಗಳಿವೆ. ಶ್ರಮಿಸಿದರೆ ಹಿರಿಯರಂತೆ ಕಿರಿಯರೂ ಫಲ ಪಡೆಯಬಹುದು, ಗಡಿಯಾಚೆಯವರೂ ಇದನ್ನು ಅರಿಯಲಿ ಎಂಬುದು ಅವುಗಳ ಆಶಯ. ಅದೇ ಪಾಲ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೊರೆಯಿಸಿದ ಹಳಗನ್ನಡ ಬರಹವೂ ಇದೆ. ಬೌದ್ಧ ಉಪಾಸಕ ಅರಸನ ಮಾತೂ ಜೈನ ಮುನಿಯ ಪಾದವೂ ಒಂದೇ ಬಂಡೆಗುಡ್ಡದಲ್ಲಿ ಶತಮಾನಗಳಿಂದ ಒಟ್ಟಿಗಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತ ಅಶೋಕನ ಹನ್ನೆರಡನೆಯ ಶಾಸನವಂತೂ ಮಾತಿನ ಸಂಯಮವನ್ನೇ ಧರ್ಮದ ಮೂಲವೆನ್ನುತ್ತದೆ. ಸ್ವಮತವನ್ನು ಹೊಗಳಲು ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆಂಬುದು ಅದರ ತಾತ್ಪರ್ಯ.

ದೂರವಾಣಿಯ ಪರದೆಯಲ್ಲಿ ಮುಖ ತೋರಿಸಿ ಹಿರಿಯರು ಇಲ್ಲಿಂದಲೇ ಪಾಠ ಹೇಳಬಹುದಲ್ಲವೇ ಎಂದು ಕೇಳಿದವರೂ ಉಂಟು. ದೇಶವ್ರತದ ಅತಿಚಾರಗಳಲ್ಲಿ ಶಬ್ದಾನುಪಾತ, ರೂಪಾನುಪಾತಗಳೆಂಬ ಎರಡನ್ನು, ಅಂದರೆ ಎಲ್ಲೆಯಾಚೆಗೆ ಧ್ವನಿಯನ್ನು ಕಳಿಸುವುದು, ರೂಪವನ್ನು ತೋರಿಸುವುದು ಎಂಬುವನ್ನು ಆಚಾರ್ಯರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಹೇಳಿರುವುದನ್ನು ನೆನೆದು ಹಿರಿಯರು ನಕ್ಕರು. ಯೋಗಕ್ಷೇಮ ವಿಚಾರಿಸುವುದಕ್ಕೆ ಅವರಿಗೆ ಅಡ್ಡಿಯಿಲ್ಲ. ತರಗತಿ ಮಾತ್ರ ಆಕೆಯದು. ದೂರದಿಂದ ತಿದ್ದುತ್ತ ಕುಳಿತರೆ ಆಕೆ ನಿಜವಾಗಿಯೂ ಪ್ರೇಷ್ಯಳಾಗಿಬಿಡುವಳು.

ಇಷ್ಟನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ತಿಳಿಯುತ್ತದೆ. ಪರದೇಶಕ್ಕೆ ವಿದ್ಯಾದಾನಕ್ಕೆ ಹೊರಡುವವರ ಸಿದ್ಧತೆಯೆಂದರೆ ಸಾಮಾನು ಕಟ್ಟುವುದಲ್ಲ, ಪರಿಮಾಣ ಮಾಡಿಕೊಳ್ಳುವುದು. ಕಾಲಕ್ಕೆ, ಸಾಮಾನಿಗೆ, ಮಾತಿಗೆ, ತನ್ನ ಉಪಯೋಗದ ಬಗೆಗಿನ ತನ್ನದೇ ಎಣಿಕೆಗೆ ಒಂದೊಂದು ಎಲ್ಲೆ ಹಾಕಿಕೊಂಡವರು ಭೂಮಿಯ ಎಲ್ಲೆ ದಾಟಿದರೂ ವ್ರತದೊಳಗೇ ಇರುತ್ತಾರೆ. ಆ ಎಲ್ಲೆಗಳಿಲ್ಲದವರು ಊರಿನ ಅಗಸೆಯನ್ನು ದಾಟದಿದ್ದರೂ ಹೊರಗಿನವರೇ. ವ್ರತಕ್ಕಾಗಿ ಉಳಿದವರು ಭಾನುವಾರದ ಮಕ್ಕಳಿಗೆ ದೊರೆತರು. ವ್ರತದ ಅರ್ಥವನ್ನು ಅರಿತು ಹೊರಟವಳು ದೂರದ ಮಕ್ಕಳಿಗೆ ದೊರೆಯುವಳು. ಜ್ಞಾನದಾನಕ್ಕೆ ಇಬ್ಬರೂ ಬೇಕು.